ಹೊಸ ಪಿಸಿ ಗುಂಯ್‌ಗುಡುತ್ತಿದೆಯೇ? ಸದ್ದಿನ ಮೂಲ ಹಿಡಿಯುವ ಬಗೆ

ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಬಿಡಿಭಾಗಗಳನ್ನು ತಂದು ತುಮಕೂರಿನ ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರಿದ್ದಾರೆ. ಇಂಜಿನಿಯರಿಂಗ್ ಓದುವ ಮಕ್ಕಳು, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಮನೆಯಿಂದಲೇ ಕಂಪನಿ ಕೆಲಸ ಮಾಡುವವರು. ಜೋಡಣೆ ಮುಗಿದು, ವಿಂಡೋಸ್ ಹಾಕಿ, ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಒಂದು ಹೊಸ ತಲೆನೋವು ಶುರುವಾಗುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕ್ಯಾಬಿನೆಟ್ ಕಡೆಯಿಂದ ಗುಂಯ್ ಎಂದೋ, ಝೀಂ ಎಂದೋ, ಕೀಂ ಎಂದೋ ಸದ್ದು.

ಆಗ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ‘ಹೊಸದಲ್ವಾ, ತಾನೇ ಸರಿಹೋಗುತ್ತೆ’ ಎಂದು ಸುಮ್ಮನಾಗುತ್ತಾರೆ, ಅಂಗಡಿಯಲ್ಲಿ ಬದಲಿಸಿಕೊಳ್ಳುವ ಅವಧಿ ಅಷ್ಟರಲ್ಲಿ ಮುಗಿದುಹೋಗುತ್ತದೆ. ಇಲ್ಲವೇ ಯಾರೋ ಹೇಳಿದರೆಂದು ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಬದಲಿಸುತ್ತಾರೆ, ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಎರಡೂ ಬೇಕಿಲ್ಲ. ಕಂಪ್ಯೂಟರಿನ ಸದ್ದನ್ನು ಪತ್ತೆ ಮಾಡಲು ಉಪಕರಣಕ್ಕಿಂತ ಗಮನ ಮುಖ್ಯ. ಸದ್ದು ಹೇಗಿದೆ ಎನ್ನುವುದಕ್ಕಿಂತ, ಅದು ಯಾವಾಗ ಬರುತ್ತದೆ, ಏನು ಮಾಡಿದಾಗ ಬದಲಾಗುತ್ತದೆ, ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ನೋಡಿದರೆ ಮೂಲ ಬಹುಪಾಲು ಸಿಕ್ಕಿಬೀಳುತ್ತದೆ.

ಸದ್ದು ಮಾಡಬಲ್ಲ ಭಾಗಗಳು ಯಾವುವು?

ಮೊದಲ ಗುಂಪು ತಿರುಗುವಂಥವು. ಕ್ಯಾಬಿನೆಟ್ ಫ್ಯಾನ್‌ಗಳು, ಪ್ರೊಸೆಸರ್ ಮೇಲಿನ ಕೂಲರ್ ಫ್ಯಾನ್, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್‌ಗಳು, ಎಸ್‌ಎಂಪಿಎಸ್ ಒಳಗಿನ ಫ್ಯಾನ್, ಹಾರ್ಡ್ ಡಿಸ್ಕ್, ನೀರಿನ ಕೂಲರ್ ಇದ್ದರೆ ಅದರ ಪಂಪ್.

ಎರಡನೆಯ ಗುಂಪಿನಲ್ಲಿ ತಿರುಗುವುದು ಏನೂ ಇಲ್ಲ, ಆದರೂ ಸದ್ದು ಬರುತ್ತದೆ. ಎಸ್‌ಎಂಪಿಎಸ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಮೂರರಲ್ಲೂ ಇರುವ ತಾಮ್ರದ ಕಾಯಿಲ್‌ಗಳು ಇವು. ಹೊಸ ಪಿಸಿಯಲ್ಲಿ ಜನರನ್ನು ಹೆಚ್ಚು ಗೊಂದಲಕ್ಕೆ ಕೆಡವುವುದೂ ಇವೇ.

ಮೂರನೆಯದು ಸ್ಪೀಕರ್ ಮತ್ತು ಹೆಡ್‌ಫೋನ್. ನಾಲ್ಕನೆಯದು ಕ್ಯಾಬಿನೆಟ್‌ನ ಹೊರಗೇ ಇರುವಂಥವು: ಯುಪಿಎಸ್, ಸ್ಟೆಬಿಲೈಸರ್, ಸ್ಪೈಕ್ ಬಸ್ಟರ್, ಗೋಡೆಯ ಸಾಕೆಟ್. ಯುಪಿಎಸ್ ಸಾಮಾನ್ಯವಾಗಿ ಕ್ಯಾಬಿನೆಟ್ ಪಕ್ಕದಲ್ಲೇ ನೆಲದ ಮೇಲಿರುವುದರಿಂದ ಅದರ ಸದ್ದನ್ನು ಪಿಸಿಯ ತಲೆಗೆ ಕಟ್ಟುವುದು ಬಹಳ ಸುಲಭ.

ರ‍್ಯಾಮ್, ಪ್ರೊಸೆಸರ್ ಚಿಪ್, ಎಸ್‌ಎಸ್‌ಡಿ ಇವುಗಳನ್ನು ಸದ್ಯಕ್ಕೆ ಬಿಟ್ಟುಬಿಡಬಹುದು. ಅವುಗಳಿಂದ ಕೇಳುವಂಥ ಸದ್ದು ತೀರಾ ಅಪರೂಪ.

ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ರಾತ್ರಿ ಹೊತ್ತು, ಸೀಲಿಂಗ್ ಫ್ಯಾನ್ ನಿಲ್ಲಿಸಿ, ಸಾಧ್ಯವಾದರೆ ಫ್ರಿಜ್ ಸದ್ದೂ ಇಲ್ಲದಿರುವಾಗ ಶುರು ಮಾಡಿ. ಸ್ಪೀಕರ್‌ನ ಸ್ವಿಚ್ ಆಫ್ ಮಾಡಿ, ಹೆಡ್‌ಫೋನ್ ಕಿತ್ತಿಡಿ. ಸದ್ದು ನಿಂತರೆ ನೇರವಾಗಿ ಸ್ಪೀಕರ್ ಭಾಗ ಓದಿ.

ನಿಲ್ಲಲಿಲ್ಲ ಎಂದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಮಾತ್ರ ಹಾಗೇ ಇರಲಿ. ಫ್ಯಾನ್‌ಗಳೆಲ್ಲ ನಿಂತ ಮೇಲೂ ಸದ್ದು ಇದೆಯೇ? ಇದ್ದರೆ ಅದು ಯುಪಿಎಸ್‌ನದು, ಸಾಕೆಟ್‌ನದು ಅಥವಾ ಎಸ್‌ಎಂಪಿಎಸ್‌ನದು. ಪಿಸಿ ಆಫ್ ಆಗಿದ್ದರೂ ಎಸ್‌ಎಂಪಿಎಸ್ ಪೂರ್ತಿ ಮಲಗಿರುವುದಿಲ್ಲ. ಪವರ್ ಬಟನ್ ಒತ್ತಿದ್ದನ್ನು ಮದರ್‌ಬೋರ್ಡ್ ಗುರುತಿಸಲು ಬೇಕಾದ 5 ವೋಲ್ಟ್‌ನ ಒಂದು ಸಣ್ಣ ಸರಬರಾಜು ಒಳಗೆ ಸದಾ ನಡೆಯುತ್ತಿರುತ್ತದೆ. ಹಿಂಬದಿಯಲ್ಲಿರುವ ಎಸ್‌ಎಂಪಿಎಸ್‌ನ ಸಣ್ಣ ಸ್ವಿಚ್ ಅನ್ನು ‘0’ ಕಡೆಗೆ ಒತ್ತಿ ಒಂದು ನಿಮಿಷ ಕಾಯಿರಿ. ಸದ್ದು ಹೋದರೆ ಎಸ್‌ಎಂಪಿಎಸ್, ಹೋಗದಿದ್ದರೆ ಹೊರಗಿನದು.

ಕಂಪ್ಯೂಟರ್ ಓಡುವಾಗ ಮಾತ್ರ ಬರುವ ಸದ್ದಾದರೆ ಒಂದು ನ್ಯೂಸ್‌ಪೇಪರ್ ಅಥವಾ ಡ್ರಾಯಿಂಗ್ ಶೀಟನ್ನು ಕೊಳವೆಯಾಗಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಬೇರೆ ಬೇರೆ ಭಾಗಗಳ ಹತ್ತಿರ ಹಿಡಿಯಿರಿ. ಪಕ್ಕದ ಬಾಗಿಲು ತೆಗೆದಿರಲಿ, ಕೊಳವೆ ಫ್ಯಾನ್ ರೆಕ್ಕೆಗೆ ತಾಗದಿರಲಿ. ಕ್ಯಾಬಿನೆಟ್ ತಗಡಿನ ಡಬ್ಬ, ಒಂದು ಮೂಲೆಯ ಸದ್ದು ಅದರೊಳಗೆ ಎಲ್ಲೆಡೆಯಿಂದ ಬಂದಂತೆ ಕೇಳುತ್ತದೆ. ಕೊಳವೆ ಆ ಗೊಂದಲವನ್ನು ಬಹಳಷ್ಟು ಕಡಿಮೆ ಮಾಡುತ್ತದೆ.

ಮೊಬೈಲ್‌ನಲ್ಲಿ ಯಾವುದಾದರೂ ಉಚಿತ ಸ್ಪೆಕ್ಟ್ರಮ್ ಅನಲೈಸರ್ ಆ್ಯಪ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಸದ್ದಿನಲ್ಲಿ ಯಾವ ಕಂಪನ ಎದ್ದು ಕಾಣುತ್ತಿದೆ ಎಂಬುದನ್ನು ಅದು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕದಲ್ಲಿ ತೋರಿಸುತ್ತದೆ. 100 ಹರ್ಟ್ಜ್ ಹತ್ತಿರ ಗೆರೆ ಎದ್ದು ನಿಂತರೆ ಮನೆಯ ಕರೆಂಟಿನ ಕಡೆ ಅನುಮಾನ ಪಡಿ. 120 ಇದ್ದರೆ 7200 ಆರ್‌ಪಿಎಂ, ಅಂದರೆ ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕ್. ಸಾವಿರಾರು ಹರ್ಟ್ಜ್ ಇದ್ದರೆ ಕಾಯಿಲ್.

ತಕ್ಷಣ ಬದಲಾಗುವ ಸದ್ದು, ನಿಧಾನಕ್ಕೆ ಬದಲಾಗುವ ಸದ್ದು

ಇಡೀ ಪತ್ತೆಕೆಲಸದ ಜೀವಾಳ ಇದು. ಫ್ಯಾನ್‌ಗೆ ತೂಕವಿದೆ. ಬಿಸಿ ಏರಿ, ಸೆನ್ಸರ್ ಅದನ್ನು ಅಳೆದು, ಮದರ್‌ಬೋರ್ಡ್ ವೇಗ ಹೆಚ್ಚಿಸಿ, ರೆಕ್ಕೆ ಆ ವೇಗಕ್ಕೆ ಬರುವಷ್ಟರಲ್ಲಿ ಕೆಲವು ಸೆಕೆಂಡುಗಳು ಕಳೆದಿರುತ್ತವೆ. ಇಳಿಯುವುದೂ ಅಷ್ಟೇ ನಿಧಾನ. ಕಾಯಿಲ್‌ನಲ್ಲಿ ಓಡುವುದು ಕರೆಂಟ್. ಕೆಲಸ ಹೆಚ್ಚಾದ ಕ್ಷಣದಲ್ಲೇ ಅದರ ಸದ್ದು ಬದಲಾಗುತ್ತದೆ, ಕೆಲಸ ನಿಂತ ಕ್ಷಣದಲ್ಲೇ ನಿಲ್ಲುತ್ತದೆ.

ಹಾಗಾಗಿ ಒಂದು ಗೇಮ್ ತೆರೆಯಿರಿ. ಸದ್ದು ಬರುತ್ತಿರುವಾಗ ಪಾಜ್ ಒತ್ತಿ, ಮೆನುಗೆ ಹೋಗಿ, ಆಲ್ಟ್ ಟ್ಯಾಬ್ ಒತ್ತಿ ಡೆಸ್ಕ್‌ಟಾಪ್‌ಗೆ ಬನ್ನಿ. ಕೀ ಒತ್ತಿದ ತಕ್ಷಣ ಸದ್ದಿನ ಸ್ವರ ಬದಲಾದರೆ ಅದು ಕಾಯಿಲ್, ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡಿನದು. ಐದಾರು ಸೆಕೆಂಡು ತೆಗೆದುಕೊಂಡು ನಿಧಾನಕ್ಕೆ ಇಳಿದರೆ ಫ್ಯಾನ್. ಏನು ಮಾಡಿದರೂ ಬದಲಾಗದೆ ಒಂದೇ ಸಮನೆ ಇದ್ದರೆ ಹಾರ್ಡ್ ಡಿಸ್ಕ್, ಪಂಪ್, ಅಥವಾ ಕರೆಂಟಿಗೆ ಸಂಬಂಧಿಸಿದ್ದು. ಮೌಸ್ ಅಲ್ಲಾಡಿಸಿದಾಗ, ಪುಟ ಸ್ಕ್ರಾಲ್ ಮಾಡಿದಾಗ ಮಾತ್ರ ಸಣ್ಣಗೆ ಕೀಂ ಎನ್ನುತ್ತಿದ್ದರೆ ಅದು ಮತ್ತೆ ಕಾಯಿಲ್, ಈ ಸಲ ಮದರ್‌ಬೋರ್ಡ್ ಅಥವಾ ಎಸ್‌ಎಂಪಿಎಸ್‌ನದಿರಬಹುದು.

ಕಾಯಿಲ್ ಸದ್ದು ಯಾಕೆ ಬರುತ್ತದೆ?

ಹಳೆಯ ಟ್ಯೂಬ್‌ಲೈಟ್ ಪಟ್ಟಿಯೊಳಗೆ ತೂಕದ ಒಂದು ಚೋಕ್ ಇರುತ್ತಿತ್ತು. ಸ್ವಲ್ಪ ಹಳೆಯದಾದರೆ ಸಾಕು, ರಾತ್ರಿಯೆಲ್ಲ ಗುಂಯ್ ಎನ್ನುತ್ತಿತ್ತು. ಪಿಸಿಯ ಕಾಯಿಲ್ ಸದ್ದೂ ಅದೇ ಜಾತಿಯದು. ಚೋಕ್ ಎಂದರೆ ಲೋಹದ ತಿರುಳಿನ ಸುತ್ತ ಸುತ್ತಿದ ತಾಮ್ರದ ತಂತಿ. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗುತ್ತದೆ. ಕರೆಂಟ್ ಏರಿಳಿದಂತೆ ಅಯಸ್ಕಾಂತದ ಸೆಳೆತವೂ ಏರಿಳಿದು ತಂತಿ ಮತ್ತು ತಿರುಳು ಅತಿ ಸೂಕ್ಷ್ಮವಾಗಿ ಅದುರುತ್ತವೆ. ನಮ್ಮ ಮನೆಯ ಕರೆಂಟ್ 50 ಹರ್ಟ್ಜ್. ಒಂದು ಸುತ್ತಿನಲ್ಲಿ ಎರಡು ಸಲ ಸೆಳೆತ ತುದಿ ಮುಟ್ಟುವುದರಿಂದ ಚೋಕ್ ಅದುರುವುದು ಸೆಕೆಂಡಿಗೆ 100 ಸಲ. ಆ ಗುಂಯ್ ಅದೇ.

ಪಿಸಿಯಲ್ಲಿ ಈ ಚೋಕ್‌ಗಳು ಪುಟ್ಟದಾಗಿವೆ. ಮದರ್‌ಬೋರ್ಡ್‌ನ ಪ್ರೊಸೆಸರ್ ಸಾಕೆಟ್ ಸುತ್ತ ಸಾಲಾಗಿ ಕೂತಿರುವ ಬೂದು ಅಥವಾ ಕಪ್ಪು ಬಣ್ಣದ ಚೌಕದ ತುಂಡುಗಳನ್ನು ಗಮನಿಸಿ. ಬೆರಳ ತುದಿಯಷ್ಟು ದೊಡ್ಡವು, ಕೆಲವುಗಳ ನೆತ್ತಿಯ ಮೇಲೆ ಆರ್‌15, ಆರ್‌22 ಎಂದೇನೋ ಅಚ್ಚಾಗಿರುತ್ತದೆ. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1 ವೋಲ್ಟಿಗೆ ಇಳಿಸುವ ವ್ಯವಸ್ಥೆಯ ಭಾಗ ಇವು. ಗ್ರಾಫಿಕ್ಸ್ ಕಾರ್ಡಿನಲ್ಲೂ ಇಂಥದೇ ಸಾಲು ಇದೆ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಅಡಿಯಲ್ಲಿ ಇರುವುದರಿಂದ ಕಾಣುವುದಿಲ್ಲ.

ಈ ವ್ಯವಸ್ಥೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ ಆಗುತ್ತದೆ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ, ಆದ್ದರಿಂದ ಆ ಸ್ವಿಚಿಂಗ್ ಕೇಳಿಸಬಾರದು, ಕೇಳಿಸುವುದೂ ಇಲ್ಲ. ಕೇಳಿಸುವುದು ಕೆಲಸದ ಏರಿಳಿತ. ಗೇಮ್‌ನ ಮೆನುವಿನಲ್ಲಿ ಚಿತ್ರ ಸರಳವಾಗಿರುವುದರಿಂದ ಕಾರ್ಡು ಸೆಕೆಂಡಿಗೆ 2000 ಫ್ರೇಮ್ (ಪರದೆಯ ಒಂದೊಂದು ಚಿತ್ರ) ಬೇಕಾದರೂ ಬರೆದುಬಿಡುತ್ತದೆ. ಪ್ರತಿ ಫ್ರೇಮ್‌ಗೂ ಕರೆಂಟ್ ಒಮ್ಮೆ ಏರಿ ಇಳಿಯುತ್ತದೆ. ಸೆಕೆಂಡಿಗೆ 2000 ಏರಿಳಿತ ಎಂದರೆ 2000 ಹರ್ಟ್ಜ್, ಕಿವಿಗೆ ನೇರವಾಗಿ ಚುಚ್ಚುವ ಸ್ವರ. ಆಟಕ್ಕಿಂತ ಮೆನುವಿನಲ್ಲೇ ಸದ್ದು ಜೋರಾಗಿರುವುದಕ್ಕೆ ಇದೇ ಕಾರಣ.

ಇದು ಅಪಾಯವೇ? ಅಲ್ಲ. ಬರೀ ಕಾಯಿಲ್ ಸದ್ದಿನಿಂದ ಕಾರ್ಡು ಸುಟ್ಟುಹೋಗುವುದಿಲ್ಲ, ಆಯಸ್ಸೂ ಕಡಿಮೆಯಾಗುವುದಿಲ್ಲ. ಆದರೆ ಕಿರಿಕಿರಿ ನಿಜವಾದದ್ದು, ಅದನ್ನು ತಗ್ಗಿಸಲು ದಾರಿಗಳಿವೆ.

ಮೊದಲು ಫ್ರೇಮ್ ಮಿತಿ ಹಾಕಿ. ನಿಮ್ಮ ಮಾನಿಟರ್ 60 ಹರ್ಟ್ಜ್‌ನದಾದರೆ 60, 144ರದ್ದಾದರೆ 144. ಎನ್‌ವಿಡಿಯಾ ಕಾರ್ಡಾದರೆ ಕಂಟ್ರೋಲ್ ಪ್ಯಾನೆಲ್‌ನ ‘ಮ್ಯಾಕ್ಸ್ ಫ್ರೇಮ್ ರೇಟ್’ನಲ್ಲಿ, ಎಎಂಡಿ ಆದರೆ ಅದರದೇ ಸಾಫ್ಟ್‌ವೇರ್‌ನಲ್ಲಿ ಇದನ್ನು ಇಡಬಹುದು. ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಅನ್ನು ಗೇಮ್‌ನೊಳಗೆ ಆನ್ ಮಾಡಿದರೂ ಸರಿ. ಪರದೆ ತೋರಿಸಲಾಗದ ಫ್ರೇಮ್‌ಗಳನ್ನು ಬರೆದು ಉಪಯೋಗವೂ ಇಲ್ಲ, ಕರೆಂಟೂ ದಂಡ. ಅಷ್ಟಕ್ಕೂ ತಗ್ಗದಿದ್ದರೆ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು 100ರಿಂದ 85 ಶೇಕಡಾಕ್ಕೆ ಇಳಿಸಿ ನೋಡಿ. ವೇಗದಲ್ಲಿ ಆಗುವ ನಷ್ಟ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ.

ಮೌಸ್ ಅಲ್ಲಾಡಿಸಿದಾಗ ಬರುವ ಸದ್ದಿಗೆ ಕಾರಣ ಬೇರೆ. ಕೆಲಸವಿಲ್ಲದಾಗ ಪ್ರೊಸೆಸರ್ ಅರೆನಿದ್ದೆಗೆ ಜಾರುತ್ತದೆ. ಗೇಮಿಂಗ್ ಮೌಸ್ ಸೆಕೆಂಡಿಗೆ 1000 ಸಲ ವರದಿ ಒಪ್ಪಿಸುತ್ತದೆ, ಪ್ರತಿ ಸಲವೂ ಪ್ರೊಸೆಸರ್ ಎದ್ದು ಮಲಗುತ್ತದೆ. ಮೌಸ್‌ನ ತಂತ್ರಾಂಶದಲ್ಲಿ ಪೋಲಿಂಗ್ ರೇಟನ್ನು 1000ದಿಂದ 500 ಅಥವಾ 125ಕ್ಕೆ ಇಳಿಸಿ, ಸ್ವರ ಬದಲಾದರೆ ಪತ್ತೆಯಾಯಿತು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ‘ಸಿ-ಸ್ಟೇಟ್ಸ್’ ಎಂಬುದನ್ನು ಆಫ್ ಮಾಡಿದರೆ ಈ ನಿದ್ದೆಯೇ ನಿಲ್ಲುತ್ತದೆ. ಪರೀಕ್ಷೆಗೆ ಇದು ಒಳ್ಳೆಯ ಉಪಾಯ. ಕಾಯಂ ಆಗಿ ಹಾಗೇ ಬಿಟ್ಟರೆ ಸುಮ್ಮನಿದ್ದಾಗಲೂ ಕರೆಂಟ್ ಹೆಚ್ಚು ಎಳೆಯುತ್ತದೆ.

ಒಂದು ಎಚ್ಚರಿಕೆ. ಕಾಯಿಲ್ ಮೇಲೆ ಗ್ಲೂ ಗನ್‌ನಿಂದ ಅಂಟು ಸುರಿಯುವುದು, ನೇಲ್ ಪಾಲಿಶ್ ಹಚ್ಚುವುದು ಇಂಥ ವಿಡಿಯೊಗಳು ಬಹಳ ಓಡಾಡುತ್ತವೆ. ಹೊಸ ಕಾರ್ಡಿಗೆ ಖಂಡಿತ ಮಾಡಬೇಡಿ. ಹೀಟ್‌ಸಿಂಕ್ ಬಿಚ್ಚಿದಾಗಲೇ ವಾರಂಟಿ ತಕರಾರು ಶುರು, ಅಂಟು ಕಂಡರೆ ಮಾತೇ ಮುಗಿಯಿತು.

ಫ್ಯಾನ್: ಹೆಚ್ಚು ಸಲ ಸಿಗುವ, ಸುಲಭವಾಗಿ ಸರಿಹೋಗುವ ಕಾರಣ

ಟರ್ರ್ ಎಂದು ಒಂದೇ ಸಮನೆ ಬರುತ್ತಿದ್ದರೆ ಮೊದಲು ಕೇಬಲ್ ನೋಡಿ. ಫ್ಯಾನ್ ರೆಕ್ಕೆಗೆ ತಾಗುವ ಒಂದು ತೆಳು ವೈರು ಇಷ್ಟೆಲ್ಲ ಗದ್ದಲ ಮಾಡಬಲ್ಲದು. ಮುಂಭಾಗದ ಪವರ್ ಬಟನ್ನಿನ ವೈರು, ಬಣ್ಣದ ಆರ್‌ಜಿಬಿ ದೀಪದ ವೈರು, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಜೋತುಬಿದ್ದ ಡಿಸ್ಕಿನ ಸಾಟಾ ಕೇಬಲ್ ಇವು ಸಾಮಾನ್ಯ ಅಪರಾಧಿಗಳು. ಕೇಬಲ್ ಟೈ ಹಾಕಿ ಹಿಂಬದಿಗೆ ಎಳೆದು ಕಟ್ಟಿದರೆ ಮುಗಿಯಿತು.

ಕೇಬಲ್ ತಾಗುತ್ತಿಲ್ಲ ಎಂದರೆ ಯಾವ ಫ್ಯಾನ್ ಎಂದು ಹಿಡಿಯಬೇಕು. ಬಯಾಸ್‌ನ ಫ್ಯಾನ್ ವಿಭಾಗದಲ್ಲಿ ಒಂದೊಂದನ್ನೇ 100 ಶೇಕಡಾಕ್ಕೆ ಏರಿಸಿ, ಮತ್ತೆ 30ಕ್ಕೆ ಇಳಿಸಿ ಕೇಳಿ. ಅದೂ ಸಾಲದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದು ಕ್ಯಾಬಿನೆಟ್ ಫ್ಯಾನಿನ ಕನೆಕ್ಟರ್ ತೆಗೆದು, ಮತ್ತೆ ಆನ್ ಮಾಡಿ. ಓಡುವ ಫ್ಯಾನನ್ನು ಬೆರಳಿನಿಂದ ನಿಲ್ಲಿಸಬೇಡಿ, ರೆಕ್ಕೆಯೂ ಮುರಿಯಬಹುದು, ಬೆರಳೂ ಕುಯ್ಯಬಹುದು. ಪ್ರೊಸೆಸರ್ ಫ್ಯಾನಿನ ಕನೆಕ್ಟರ್ ಮಾತ್ರ ಕೀಳಬೇಡಿ, ಅದನ್ನು ಬಯಾಸ್‌ನಿಂದಲೇ ಪರೀಕ್ಷಿಸಿ.

ಕಡಿಮೆ ವೇಗದಲ್ಲಿ ಮಾತ್ರ ಟಿಕ್ ಟಿಕ್ ಅಥವಾ ಝೀಂ ಎಂದರೆ ಫ್ಯಾನ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದರ ಪಿನ್ ಎಣಿಸಿ. ಫ್ಯಾನ್‌ಗಳಲ್ಲಿ 3 ಪಿನ್‌ನವು, 4 ಪಿನ್‌ನವು ಎಂದು ಎರಡು ಬಗೆ. 3 ಪಿನ್ ಫ್ಯಾನ್ ನಿಧಾನವಾಗಬೇಕಾದರೆ ವೋಲ್ಟೇಜ್ ಇಳಿಸಬೇಕು. 4 ಪಿನ್ನಿನದಕ್ಕೆ 12 ವೋಲ್ಟ್ ಹಾಗೇ ಇರುತ್ತದೆ, ನಾಲ್ಕನೇ ಪಿನ್ನಿನಲ್ಲಿ ಪಿಡಬ್ಲ್ಯುಎಂ ಎಂಬ ಸಂಕೇತ ಹೋಗುತ್ತದೆ. ಆ ಸಂಕೇತದ ವೇಗ 25,000 ಹರ್ಟ್ಜ್ ಎಂದು ಗೊತ್ತುಮಾಡಿರುವುದೇ ಅದು ಕಿವಿಗೆ ಕೇಳಿಸದಿರಲಿ ಎಂದು. ಬಯಾಸ್‌ನಲ್ಲಿ 4 ಪಿನ್ ಫ್ಯಾನಿಗೆ ‘ಡಿಸಿ’ (ವೋಲ್ಟೇಜ್ ಇಳಿಸುವ ಬಗೆ) ಎಂದು ಆಯ್ಕೆಯಾಗಿದ್ದರೆ ವೋಲ್ಟೇಜ್ ಕಡಿಮೆಯಾಗಿ ಮೋಟರ್ ತಡವರಿಸಬಹುದು. 3 ಪಿನ್ನಿನದಕ್ಕೆ ‘ಪಿಡಬ್ಲ್ಯುಎಂ’ ಆಯ್ಕೆಯಾಗಿದ್ದರೆ ಅದು ಸದಾ ಪೂರ್ಣ ವೇಗದಲ್ಲಿ ಓಡುತ್ತದೆ. ಕ್ಯಾಬಿನೆಟ್ ಜೊತೆ ಬರುವ ಕೆಲವು ಅಗ್ಗದ ಫ್ಯಾನ್ ಹಬ್‌ಗಳು ಕರೆಂಟನ್ನೇ ಕಡಿದು ಕಡಿದು ಕೊಟ್ಟು ವೇಗ ಇಳಿಸುತ್ತವೆ, ಆಗ ಮೋಟರ್ ಝೀಂ ಎನ್ನುತ್ತದೆ. ಅಂಥ ಫ್ಯಾನನ್ನು ನೇರವಾಗಿ ಮದರ್‌ಬೋರ್ಡಿಗೆ ಹಾಕಿ ನೋಡಿ.

ಸದ್ದು ಅಲೆಯಲೆಯಾಗಿ, ಊಂ... ಊಂ... ಎಂದು ಏರಿ ಇಳಿಯುತ್ತಿದೆಯೇ? ಆಗ ಯಾವ ಫ್ಯಾನೂ ಕೆಟ್ಟಿರಬೇಕಿಲ್ಲ. ಲೆಕ್ಕ ಹೀಗಿದೆ. 7 ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು, ಅಂದರೆ 140 ಸಲ ರೆಕ್ಕೆ ಹಾದುಹೋಗುತ್ತದೆ. ಪಕ್ಕದ ಅಂಥದೇ ಫ್ಯಾನ್ 1170ರಲ್ಲಿ ತಿರುಗಿದರೆ ಅದು 136.5 ಸಲ. ಎರಡು ಸ್ವರಗಳೂ ಒಮ್ಮೆ ಕೂಡುತ್ತ, ಒಮ್ಮೆ ಕಳೆಯುತ್ತ ಸೆಕೆಂಡಿಗೆ ಮೂರೂವರೆ ಸಲ ಏರಿಳಿಯುತ್ತವೆ. ಒಂದು ಫ್ಯಾನಿನ ವೇಗವನ್ನು ಇನ್ನೊಂದಕ್ಕಿಂತ 200 ಆರ್‌ಪಿಎಂನಷ್ಟು ಬೇರೆ ಮಾಡಿದರೆ ಈ ಅಲೆ ಮಾಯವಾಗುತ್ತದೆ. ಒಂದು ಪೈಸೆ ಖರ್ಚಿಲ್ಲ.

ಸ್ಕ್ರೂ ವಿಷಯಕ್ಕೆ ಬಂದರೆ, ನಾಲ್ಕನ್ನೂ ಅರ್ಧ ಅರ್ಧ ಹಾಕಿ, ಆಮೇಲೆ ಎದುರು ಬದುರು ಮೂಲೆಗಳನ್ನು ಬಿಗಿ ಮಾಡಿ. ಒಂದೇ ಮೂಲೆಯನ್ನು ತಿರುಚಿ ಬಿಗಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ರೆಕ್ಕೆ ಉಜ್ಜಬಹುದು. ಪ್ರೊಸೆಸರ್ ಮೇಲೆ ಎತ್ತರಕ್ಕೆ ನಿಲ್ಲುವ ಟವರ್ ಕೂಲರ್‌ನ ಫ್ಯಾನ್ ತಂತಿ ಕ್ಲಿಪ್ಪಿನಲ್ಲಿ ನಿಂತಿರುತ್ತದೆ, ಕ್ಲಿಪ್ ಒಂದು ಕಡೆ ಸರಿಯಾಗಿ ಕೂರದಿದ್ದರೂ ಅದುರುತ್ತದೆ.

ಬೇಸಿಗೆಗೆ ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಕೋಣೆಯೇ 35 ಡಿಗ್ರಿ ಇದ್ದರೆ ಫ್ಯಾನ್ ಜನವರಿಯಲ್ಲಿ ಓಡಿದಂತೆ ಓಡುವುದಿಲ್ಲ. ಪ್ರೊಸೆಸರ್ 40 ಡಿಗ್ರಿ ಇದ್ದಾಗ ಫ್ಯಾನ್ ವೇಗ 30 ಶೇಕಡಾ, 60ಕ್ಕೆ 50, 75ಕ್ಕೆ 80, 85ಕ್ಕೆ 100 ಎಂಬ ಏಣಿ ಬಹುತೇಕ ಮನೆಗಳಿಗೆ ಸಾಕು. ಫ್ಯಾನ್ ನಿಮಿಷಕ್ಕೊಮ್ಮೆ ಜೋರಾಗಿ ಮತ್ತೆ ತಗ್ಗುತ್ತಿದ್ದರೆ ಬಯಾಸ್‌ನಲ್ಲಿ ‘ಸ್ಟೆಪ್ ಅಪ್ ಟೈಮ್’ (ವೇಗ ಏರಲು ತೆಗೆದುಕೊಳ್ಳುವ ಸಮಯ) ಎಂಬುದನ್ನು ಕೆಲವು ಸೆಕೆಂಡು ಹೆಚ್ಚಿಸಿ.

ಹಾರ್ಡ್ ಡಿಸ್ಕ್ ಮತ್ತು ಪಂಪ್

7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು, 5400 ಆರ್‌ಪಿಎಂನದು 90 ಸುತ್ತು. ಡಿಸ್ಕ್ ಒಂದೇ ಆದರೆ ಸದ್ದು ಅಷ್ಟೇನೂ ಇಲ್ಲ, ಆದರೆ ಅದನ್ನು ತಗಡಿನ ಗೂಡಿಗೆ ಬಿಗಿದಾಗ ಇಡೀ ಕ್ಯಾಬಿನೆಟ್ ಜೊತೆಗೆ ಅದುರುತ್ತದೆ. ಪಕ್ಕದ ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿದಾಗ ಗುಂಯ್ ತಗ್ಗಿದರೆ ಅದುರುವಿಕೆಯೇ ಕಾರಣ. ಡಿಸ್ಕಿಗೆ ರಬ್ಬರ್ ವಾಷರ್ ಹಾಕಿ ಕೂರಿಸಿ. ಕ್ಯಾಬಿನೆಟ್ ಇಟ್ಟ ಜಾಗವೂ ನೋಡಿ. ಕಬ್ಬಿಣದ ಟೇಬಲ್ ಅಥವಾ ಟೊಳ್ಳು ಪ್ಲೈವುಡ್ ಹಲಗೆ ಸದ್ದನ್ನು ದೊಡ್ಡದು ಮಾಡುತ್ತದೆ. ಗೋಡೆಗೆ ಹಾಯಿಸಿದ ದಪ್ಪ ಕಡಪಾ ಕಲ್ಲಿನ ಮೇಲೆ, ಅಡಿಗೆ ರಬ್ಬರ್ ಮ್ಯಾಟ್ ಹಾಕಿ ಇಟ್ಟರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಫೈಲ್ ಕಾಪಿ ಮಾಡುವಾಗ ಕರಕರ ಎನ್ನುವುದು ಸಹಜ. ಒಂದೇ ಲಯದಲ್ಲಿ ಟಕ್ ಟಕ್ ಎನ್ನುತ್ತ ಕಂಪ್ಯೂಟರ್ ಸ್ತಬ್ಧವಾದರೆ ಮಾತ್ರ ತಡಮಾಡದೆ ಡೇಟಾ ಬೇರೆಡೆಗೆ ನಕಲು ಮಾಡಿ.

ನೀರಿನ ಕೂಲರ್‌ನಲ್ಲಿ ಗುಳುಗುಳು ಸದ್ದು ಬಂದರೆ ಒಳಗಿನ ಗಾಳಿಗುಳ್ಳೆ ಪಂಪಿನಲ್ಲಿ ಸಿಕ್ಕಿದೆ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಸೇರುತ್ತದೆ, ಹಾಗಾಗಿ ಪಂಪ್ ಎತ್ತರದಲ್ಲಿರಬಾರದು. ನೀರಿನ ಬಿಸಿ ಹೊರಹಾಕುವ ರೇಡಿಯೇಟರ್ ಕ್ಯಾಬಿನೆಟ್‌ನ ನೆತ್ತಿಯಲ್ಲಿರಲಿ, ಅಥವಾ ಮುಂಭಾಗದಲ್ಲಿದ್ದರೆ ಅದರ ಮೇಲ್ತುದಿ ಪಂಪಿಗಿಂತ ಮೇಲಿರಲಿ. ಪಂಪಿನ ವೇಗವನ್ನು ಫ್ಯಾನಿನಂತೆ ಬಿಸಿಗೆ ತಕ್ಕ ಹಾಗೆ ಏರಿಳಿಸದೆ, ಕಂಪನಿ ಹೇಳಿದ ಸ್ಥಿರ ವೇಗದಲ್ಲಿ ಇಡಿ.

ತಪ್ಪು ಪಿಸಿಯದಲ್ಲ, ಕರೆಂಟಿನದು

ನಮ್ಮ ಕಡೆ ಈ ಭಾಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕರೆಂಟ್ ಹೋಗಿ ಯುಪಿಎಸ್ ಅಥವಾ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಎಸ್‌ಎಂಪಿಎಸ್ ಗುಂಯ್ ಎಂದರೆ ಎಸ್‌ಎಂಪಿಎಸ್ ಬದಲಿಸಬೇಡಿ. ಲೈನಿನ ಕರೆಂಟ್ ನಯವಾದ ಅಲೆಯಾಗಿ ಬರುತ್ತದೆ, ಅದನ್ನು ಸೈನ್ ವೇವ್ ಎನ್ನುತ್ತಾರೆ. ಕಡಿಮೆ ಬೆಲೆಯ ಯುಪಿಎಸ್ ಮತ್ತು ಸ್ಕ್ವೇರ್ ವೇವ್ ಇನ್ವರ್ಟರ್‌ಗಳು ಬ್ಯಾಟರಿಯಿಂದ ಕೊಡುವ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಪ್ರತಿ ಮೆಟ್ಟಿಲಿಗೂ ಎಸ್‌ಎಂಪಿಎಸ್ ಒಳಗಿನ ಕಾಯಿಲ್‌ಗೆ ಒಂದು ಹೊಡೆತ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆ ಕರೆಂಟನ್ನು ಅಲೆಯ ಆಕಾರದಲ್ಲೇ ಎಳೆಯಲು ನೋಡುತ್ತದೆ, ಮೆಟ್ಟಿಲಿನ ಜೊತೆ ಅದು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಸದ್ದು ಬರಬಹುದು, ಕೆಲವೊಮ್ಮೆ ಪಿಸಿ ಆಫ್ ಕೂಡ ಆಗಬಹುದು. ಇನ್ವರ್ಟರ್ ಕೊಳ್ಳುವಾಗ ಪ್ಯೂರ್ ಸೈನ್ ವೇವ್ ಎಂದು ಬರೆದಿದೆಯೇ ನೋಡಿ. ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನೇ ಹಾಕಿ.

ಗುಬ್ಬಿ, ತುರುವೇಕೆರೆ ಕಡೆಯ ತೋಟದ ಮನೆಗಳಲ್ಲಿ ಪಿಸಿ ಇದ್ದರೆ ಬೋರ್‌ವೆಲ್ ಮೋಟರ್ ಶುರುವಾಗುವ ಹೊತ್ತಿಗೆ ಕಿವಿಗೊಡಿ. ಮೋಟರ್ ಹೊರಡುವ ಕ್ಷಣದಲ್ಲಿ ತನ್ನ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಲೈನಿನ ವೋಲ್ಟೇಜ್ ಕುಸಿಯುತ್ತದೆ. ಆಗ ಯುಪಿಎಸ್ ಒಳಗೆ ಟಕ್ ಎಂದು ರಿಲೇ ಬದಲಾಗಿ, ವೋಲ್ಟೇಜ್ ಮೇಲೆತ್ತಲು ಅದರ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನತೊಡಗುತ್ತದೆ. ಪಟ್ಟಣದ ಮನೆಯಲ್ಲಿ ಸಂಪಿನ ಮೋಟರ್, ಮಿಕ್ಸಿ ಹಾಕಿದಾಗಲೂ ಸಣ್ಣ ಪ್ರಮಾಣದಲ್ಲಿ ಇದೇ ಆಗಬಹುದು. ಇದು ಯುಪಿಎಸ್ ಮಾಡಬೇಕಾದ ಕೆಲಸವೇ.

ಅರ್ಥಿಂಗ್ ಬಗ್ಗೆ ಎಚ್ಚರ ಇರಲಿ. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ಇಲ್ಲ ಎಂದೇ ಅನುಮಾನಿಸಬೇಕು. ಎಸ್‌ಎಂಪಿಎಸ್‌ನಲ್ಲಿ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳಿವೆ. ಅರ್ಥ್ ತಂತಿ ಇದ್ದರೆ ಅವುಗಳಿಂದ ಸೋರುವ ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್, ಅಂದರೆ ಲೈನಿನ ಅರ್ಧದಷ್ಟು ತೇಲುತ್ತಿರುತ್ತದೆ. ಸೋರುವ ಕರೆಂಟ್ ಬಹಳ ಕಡಿಮೆ, ಆದರೆ ಒಳಗೆ ಬೇರೆ ಏನಾದರೂ ಕೆಟ್ಟ ದಿನ ನಿಮ್ಮನ್ನು ಕಾಯುವ ತಂತಿ ಇಲ್ಲ ಎಂಬುದೇ ನಿಜವಾದ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಅರ್ಥ್ ಗುಂಡಿಯ ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ, ಆಗಾಗ ನೀರು ಹಾಕಬೇಕು.

ಸ್ಪೀಕರ್ ಸದ್ದು

ಸ್ಪೀಕರಿನ ವೈರನ್ನು ಪಿಸಿಯಿಂದ ಕೀಳಿ. ಆಗಲೂ ಗುಂಯ್ ಇದ್ದರೆ ಸ್ಪೀಕರಿನದೇ ತೊಂದರೆ. ನಿಂತರೆ ಪಿಸಿಯ ಕಡೆಯಿಂದ ಬರುತ್ತಿದೆ. ಮುಂಭಾಗದ ಹೆಡ್‌ಫೋನ್ ಜಾಕ್‌ನಲ್ಲಿ ಸಣ್ಣಗೆ ಕಿರ್ ಎಂದರೆ ಹಿಂಭಾಗದ ಹಸಿರು ಜಾಕ್‌ಗೆ ಹಾಕಿ ನೋಡಿ. ಮುಂಭಾಗದ ಆಡಿಯೊ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದುಹೋಗುವುದರಿಂದ ಅದರ ಗದ್ದಲವನ್ನು ಹೀರಿಕೊಳ್ಳುತ್ತದೆ.

ಪಿಸಿ ಮತ್ತು ಹೋಮ್ ಥಿಯೇಟರ್ ಬೇರೆ ಬೇರೆ ಗೋಡೆಯ ಸಾಕೆಟ್‌ನಲ್ಲಿದ್ದರೆ, ಅಥವಾ ಅದೇ ಆಂಪ್ಲಿಫೈಯರ್‌ಗೆ ಕೇಬಲ್ ಟಿವಿಯ ಸೆಟ್ ಟಾಪ್ ಬಾಕ್ಸ್ ಕೂಡ ಸೇರಿದ್ದರೆ, ಎರಡು ದಾರಿಯಲ್ಲಿ ಅರ್ಥ್ ಸಿಕ್ಕಿ ಆಡಿಯೊ ವೈರಿನಲ್ಲಿ 50 ಹರ್ಟ್ಜ್ ಸುತ್ತತೊಡಗುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ ನೋಡಿ. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ, ಅಥವಾ ಯುಎಸ್‌ಬಿ ಸೌಂಡ್ ಕಾರ್ಡ್ ಬಳಸಿ ನೋಡಬಹುದು. ಸದ್ದು ಹೋಗಲೆಂದು ಪ್ಲಗ್‌ನ ದಪ್ಪ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವೆಡೆ ಇದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ, ಜೀವಕ್ಕೆ ಅಪಾಯ.

ಯಾವಾಗ ತಕ್ಷಣ ಆಫ್ ಮಾಡಬೇಕು?

ಚಟಚಟ ಎಂದು ಕಿಡಿ ಹಾರುವಂಥ ಸದ್ದು, ಸುಟ್ಟ ವಾಸನೆ, ಸಾಕೆಟ್ ಅಥವಾ ಪ್ಲಗ್ ಕೈ ಇಡಲಾಗದಷ್ಟು ಬಿಸಿ. ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ ಆಫ್ ಮಾಡಿ. ಸಡಿಲ ಸಾಕೆಟ್‌ನೊಳಗೆ ಕಿಡಿ ಹಾರುವ ಸದ್ದು ಹೊರಗೆ ಬರೀ ಝೀಂ ಎಂದು ಕೇಳಿಸಬಹುದು, ಆದ್ದರಿಂದ ಪ್ಲಗ್ ಅಲ್ಲಾಡಿಸಿದಾಗ ಸದ್ದು ಬದಲಾದರೆ ಆ ಸಾಕೆಟ್ ಬದಲಿಸಿದ ಮೇಲೆಯೇ ಮುಂದಿನ ಕೆಲಸ. ಎಸ್‌ಎಂಪಿಎಸ್‌ನ ಡಬ್ಬ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಉಳಿಯಬಹುದು.

ಅಂಗಡಿಗೆ ಒಯ್ಯುವ ಮುನ್ನ

ಅಂಗಡಿಯವರ ಮುಂದೆ ಸದ್ದು ಬರುವುದೇ ಇಲ್ಲ ಎಂಬುದು ಸಾಮಾನ್ಯ ದೂರು. ಕಾರಣ ಸರಳ: ಅಲ್ಲಿಯ ಕರೆಂಟ್ ಬೇರೆ, ಯುಪಿಎಸ್ ಬೇರೆ, ಮಾನಿಟರ್ ಬೇರೆ, ಜೊತೆಗೆ ರಸ್ತೆಯ ಗದ್ದಲ. ಆದ್ದರಿಂದ ಮನೆಯಲ್ಲೇ ವಿಡಿಯೊ ಮಾಡಿ. ಮೊಬೈಲನ್ನು ಸದ್ದು ಬರುವ ಭಾಗದ ಹತ್ತಿರ ಇಟ್ಟು, ಅದೇ ವಿಡಿಯೊದಲ್ಲಿ ಗೇಮ್ ಪಾಜ್ ಮಾಡುವುದನ್ನೂ ಫ್ರೇಮ್ ಸಂಖ್ಯೆಯನ್ನೂ ತೋರಿಸಿ. ಗೆಳೆಯರ ಬಳಿ ಎಸ್‌ಎಂಪಿಎಸ್ ಸಿಕ್ಕರೆ ಒಂದು ಸಂಜೆ ಬದಲಿಸಿ ನೋಡಿ. ಹಾಗೆ ಬದಲಿಸುವಾಗ ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಹೊಸದಕ್ಕೆ ಹಾಕಬಾರದು. ಮಾಡ್ಯುಲರ್ ಕೇಬಲ್‌ಗಳ (ಎಸ್‌ಎಂಪಿಎಸ್‌ನಿಂದ ಕಿತ್ತು ತೆಗೆಯಬಹುದಾದವು) ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ತಪ್ಪಾದರೆ ಹಾರ್ಡ್ ಡಿಸ್ಕ್ ಸುಡಬಹುದು.

ಕಾಯಿಲ್ ಸದ್ದನ್ನು ಹಲವು ಕಂಪನಿಗಳು ದೋಷವೆಂದು ಒಪ್ಪುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಬದಲಿಸಿಕೊಡುವ ದಿನಗಳು ಮುಗಿಯುವ ಮೊದಲೇ ಕೇಳುವುದು ಮೇಲು. ಫ್ಯಾನ್ ಬೇರಿಂಗ್ ಸದ್ದು, ರೆಕ್ಕೆ ಉಜ್ಜುವುದು, ಪಂಪಿನ ಗಡಗಡ ಇವು ವಾರಂಟಿಯಲ್ಲಿ ಬದಲಾಗುವುದು ಹೆಚ್ಚು. ಪಿಸಿಯ ಒಂದೊಂದು ಭಾಗಕ್ಕೂ ಅದರದೇ ಕಂಪನಿಯ ವಾರಂಟಿ ಇರುವುದರಿಂದ ಇಡೀ ಪಿಸಿ ಹೊತ್ತೊಯ್ಯುವ ಬದಲು ದೋಷದ ಭಾಗವನ್ನಷ್ಟೇ ಅದರ ಪೆಟ್ಟಿಗೆ, ಬಿಲ್, ಸೀರಿಯಲ್ ನಂಬರ್ ಸಮೇತ ಒಯ್ಯಿರಿ.

ಇಡೀ ಪಿಸಿಯನ್ನೇ ಬೆಂಗಳೂರಿಗೆ ಒಯ್ಯಬೇಕಾಗಿ ಬಂದರೆ, ಬಸ್ಸಿನ 70 ಕಿಲೋಮೀಟರ್ ಕುಲುಕಾಟಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಸ್ಲಾಟಿನಲ್ಲಿ ಬಿಡಬೇಡಿ. ಬಿಚ್ಚಿ ಅದರ ಪೆಟ್ಟಿಗೆಯಲ್ಲಿಡಿ. ಕ್ಯಾಬಿನೆಟನ್ನು ಗಾಜಿನ ಬಾಗಿಲು ಮೇಲಕ್ಕೆ ಬರುವಂತೆ ಮಲಗಿಸಿ, ಅಡಿಗೆ ಕಂಬಳಿ ಹಾಕಿ. ಆಗ ಮದರ್‌ಬೋರ್ಡ್ ನೆಲಕ್ಕೆ ಸಮನಾಗಿ, ಟವರ್ ಕೂಲರ್‌ನ ಭಾರ ಅದರ ಮೇಲೆ ನೇರವಾಗಿ ಕೂರುತ್ತದೆ, ಪಕ್ಕಕ್ಕೆ ಜಗ್ಗುವುದಿಲ್ಲ. ಮನೆಗೆ ತಂದ ಮೇಲೆ ಆನ್ ಮಾಡುವ ಮುನ್ನ ಬಾಗಿಲು ತೆಗೆದು, ಉದುರಿದ ಸ್ಕ್ರೂ ಇದೆಯೇ, ಯಾವುದಾದರೂ ವೈರು ಸರಿದು ಫ್ಯಾನ್ ರೆಕ್ಕೆಯ ಕಡೆ ಬಂದಿದೆಯೇ ಎಂದು ಟಾರ್ಚ್ ಹಾಕಿ ನೋಡಿ.